ಮೇಷ್ಟ್ರ ಮಾತ್ರೆಗೆ ಒಪ್ಪಿಗೆ

ಪರದೆ ಹೊಲಿಯುವ ಅಕ್ಕನ ಅಂಗಡಿಯಲ್ಲಿ ಕುರ್ಚಿಗಳು ಎರಡೇ. ಒಂದು ಗಿರಾಕಿಗಳಿಗೆ. ಇನ್ನೊಂದು, ಮೆತ್ತೆ ಹಾಕಿ ಕಿಟಕಿಯ ಪಕ್ಕ ಇಟ್ಟದ್ದು, ಮೇಷ್ಟ್ರಿಗೆ. ಗಿರಾಕಿಗಳು ಜೋಡಿಯಾಗಿ ಬಂದರೆ ಒಬ್ಬರು ನಿಂತೇ ಬಟ್ಟೆ ನೋಡಬೇಕು. ಮೇಷ್ಟ್ರು ಎದ್ದು ಜಾಗ ಬಿಟ್ಟುಕೊಟ್ಟದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಮೇಷ್ಟ್ರು ಎಂದರೆ ನಾಯಿ. ಮರಿಯಾಗಿದ್ದಾಗಲೇ ಹುಬ್ಬು ಗಂಟಿಕ್ಕಿ, ಲೆಕ್ಕ ತಪ್ಪಿದವರನ್ನು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಿದ್ದುದರಿಂದ ಆ ಹೆಸರು ಬಂತು. ಹೆಸರಿನ ಹಿಂದೆಯೇ ಬಹುವಚನವೂ ಬಂತು. ಆ ಮನೆಯಲ್ಲಿ ನಾಯಿ ಬೊಗಳುವುದಿಲ್ಲ, ಮೇಷ್ಟ್ರು ಬೊಗಳುತ್ತಾರೆ. ಸೋಫಾದ ಹೊಟ್ಟೆ ಬಗೆದು ಹತ್ತಿ ಹೊರಗೆಳೆದರೂ, ಎಳೆದಿದ್ದಾರೆ ಎಂದೇ ಹೇಳಬೇಕು. ಅಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಮನೆಯಲ್ಲಿ ಏಕವಚನವೇ ಗಟ್ಟಿ. ಅದಕ್ಕೆ ಅವನು ಬೇಸರಪಟ್ಟುಕೊಂಡವನೂ ಅಲ್ಲ. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಸುರಕ್ಷಿತವಾಗಿ ತಲುಪಿದರೆ ಸಾಕು ಎನ್ನುವುದು ಅವನ ಕಸುಬಿನ ನೀತಿ.

ವಯಸ್ಸಾಗುತ್ತ ಮೇಷ್ಟ್ರ ಹೃದಯ ದೊಡ್ಡದಾಯಿತು. ಗುಣದಲ್ಲಲ್ಲ, ಅಳತೆಯಲ್ಲಿ. ಕೆಮ್ಮು ಶುರುವಾಯಿತು. ಪ್ರಾಣಿಗಳ ಆಸ್ಪತ್ರೆಯ ಹಳೆಯ ಡಾಕ್ಟರು ಎದೆಗೊಂದು ಮಾತ್ರೆ, ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ನೀರು ಇಳಿಸಲು ಇನ್ನೊಂದು ಮಾತ್ರೆ ಬರೆದುಕೊಟ್ಟರು. ಬಹಳ ಒಳ್ಳೆಯವರು. ಒಮ್ಮೆ ಬರೆದುಕೊಟ್ಟ ಮೇಲೆ ಮತ್ತೆ ನಾಯಿಯನ್ನು ಮುಟ್ಟಿ ನೋಡುವ ತೊಂದರೆ ತೆಗೆದುಕೊಂಡವರಲ್ಲ. ಅಕ್ಕ ಕೌಂಟರಿಗೆ ಹೋದರೆ ಮಾತ್ರೆ ಸಿಗುತ್ತಿತ್ತು, ಜೊತೆಗೆ ಡಾಕ್ಟರ ಬೆನ್ನುನೋವಿನ ಪೂರ್ತಿ ವೃತ್ತಾಂತವೂ. ಕೊನೆಗೆ ಆ ಬೆನ್ನು ಅವರನ್ನು ನಿವೃತ್ತಿ ಮಾಡಿಸಿತು. ಆಸ್ಪತ್ರೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮಗಳ ಊರಿಗೆ ಹೊರಟುಹೋದರು. ಬೋರ್ಡಿನ ಮೇಲೆ ಹೊಸ ಡಾಕ್ಟರ ಹೆಸರು ಬಂತು. ಅದನ್ನು ಓದಿದ ಅಕ್ಕ ರಸ್ತೆ ದಾಟಿ ಆಚೆ ಬದಿಯಿಂದಲೇ ಮನೆಗೆ ನಡೆದಳು.

ಹೊಸ ಡಾಕ್ಟರು ಅವಳ ಸ್ವಂತ ತಂಗಿ.

ಅಕ್ಕ ತಂಗಿಯರು ಮಾತು ಬಿಟ್ಟು ಎರಡು ವರ್ಷ ಕಳೆದಿತ್ತು. ಕಾರಣ ಕೇಳಿದವರಿಗೆ ಇಬ್ಬರೂ ಬಿಸ್ಕತ್ತು ಎನ್ನುತ್ತಿದ್ದರು. ಅಕ್ಕನ ಗಂಡನ ಹುಟ್ಟುಹಬ್ಬದ ದಿನ ಮನೆ ತುಂಬ ಜನರಿದ್ದಾಗ ಅಕ್ಕ ಮೇಷ್ಟ್ರಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ತಂಗಿ, "ಇದು ನಾಯಿಯೋ ದಿಂಬೋ? ಹೀಗೆ ತಿನ್ನಿಸಿದ್ರೆ ಹೆಚ್ಚು ದಿನ ಇರಲ್ಲ" ಎಂದಳು. ಅಕ್ಕ, "ನೀನು ಓದಿದ್ದು ದನದ ಡಾಕ್ಟರಿಕೆ, ನನ್ನ ಮನೆ ಕೊಟ್ಟಿಗೆ ಅಲ್ಲ" ಎಂದಳು. ಇಲ್ಲಿಗೆ ನಿಂತಿದ್ದರೆ ಅದು ಮಾಮೂಲಿ ಅಕ್ಕ ತಂಗಿಯರ ಮಾತುಕತೆ. ಆದರೆ ತಂಗಿ ಮುಂದುವರಿಸಿದಳು: "ಅಮ್ಮನಿಗೂ ಹೀಗೇ ಮಾಡ್ದೆ. ಸಕ್ಕರೆ ಕಾಯಿಲೆ ಇದ್ದವಳಿಗೆ ಕೇಳಿದಾಗೆಲ್ಲ ಸಿಹಿ."

ಕೇಕು ಕತ್ತರಿಸುತ್ತಿದ್ದ ಗಂಡನ ಕೈ ಅಲ್ಲೇ ನಿಂತಿತು. ಅಮ್ಮ ಹಾಸಿಗೆ ಹಿಡಿದಿದ್ದ ಕಾಲದಲ್ಲೆಲ್ಲ ಸ್ನಾನ ಮಾಡಿಸಿದವಳು, ತಲೆ ಬಾಚಿದವಳು, ಮಾತ್ರೆ ನುಂಗಿಸಿದವಳು ಅಕ್ಕ. ತಂಗಿ ಆಗ ದೂರದ ಊರಿನ ಹಸುಗಳ ಫಾರ್ಮಿನಲ್ಲಿ ಕೆಲಸದಲ್ಲಿದ್ದಳು. ರಜೆಯಲ್ಲಿ ಬಂದು ಸಲಹೆ ಕೊಟ್ಟು ಹೋಗುತ್ತಿದ್ದಳು. ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಅಡುಗೆಮನೆಗೆ ಹೋದವಳು ತಂಗಿ ಹೊರಡುವ ತನಕ ಹೊರಗೆ ಬರಲಿಲ್ಲ.

ಅಂಥವಳ ಮುಂದೆ ಹೋಗಿ ಮಾತ್ರೆಗೆ ಕೈಯೊಡ್ಡುವುದೇ?

"ಆನ್‌ಲೈನ್‌ನಲ್ಲಿ ಸಿಗುತ್ತೆ ಕಣೆ," ಎಂದ ಗಂಡ. "ಯಾರ ಮುಖವನ್ನೂ ನೋಡಬೇಕಾಗಿಲ್ಲ."

ಸೈಟು ನೋಡಲು ಚೆಂದವಾಗಿತ್ತು. ಹಸಿರು ಹುಲ್ಲಿನ ಮೇಲೆ ನಾಯಿಗಳು ಓಡುತ್ತಿದ್ದವು. ಒಂದಕ್ಕೂ ಹೃದಯದ ತೊಂದರೆ ಇದ್ದಂತೆ ಕಾಣಲಿಲ್ಲ. ಅಕ್ಕ ನಾಯಿಯ ಹೆಸರು, ವಯಸ್ಸು, ಕಾಯಿಲೆ ಎಲ್ಲ ತುಂಬಿದಳು. ತೂಕ ಕೇಳಿದಲ್ಲಿ ಮೇಷ್ಟ್ರ ಯೌವನ ಕಾಲದ ತೂಕ ಬರೆದಳು. ಎಲ್ಲ ಮುಗಿಯಿತು ಎನ್ನುವಾಗ ಕೊನೆಯ ಪುಟ ಹೇಳಿತು: "ಇದು ವೈದ್ಯರ ಚೀಟಿ ಬೇಕಾದ ಔಷಧ. ಚಿಂತೆ ಬೇಡ! ನಿಮ್ಮ ವೈದ್ಯರ ಒಪ್ಪಿಗೆಯನ್ನು ನಾವೇ ಕೇಳಿ ಪಡೆಯುತ್ತೇವೆ!"

ಚಿಂತೆ ಬೇಡ ಎಂದವರು ಪಟ್ಟಿ ತೆರೆದು ಆಸ್ಪತ್ರೆಯನ್ನು ಆರಿಸಿಕೊಳ್ಳಿ ಎಂದರು. ಮೇಷ್ಟ್ರ ಹಳೆಯ ವಿವರಗಳೆಲ್ಲ ಇದ್ದದ್ದು ಒಂದೇ ಆಸ್ಪತ್ರೆಯಲ್ಲಿ.

"ಅವಳೇ ನೋಡ್ತಾಳೆ ಅಂತೇನಿಲ್ಲ ಬಿಡು," ಎಂದ ಗಂಡ. "ಕೌಂಟರಿನಲ್ಲಿ ಕೂತವರು ಯಾರೋ ಒಂದು ಗುಂಡಿ ಒತ್ತುತ್ತಾರೆ."

ಮಾರನೆಯ ದಿನ ಫೋನಿಗೆ ಸಂದೇಶ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡ ನಾಯಿಮರಿಯ ಚಿತ್ರ. ಕೆಳಗೆ: "ಅಯ್ಯೋ! ನಿಮ್ಮ ವೈದ್ಯರು ಒಪ್ಪಿಗೆ ನೀಡಿಲ್ಲ. ವೈದ್ಯರ ಟಿಪ್ಪಣಿ: ಪರೀಕ್ಷಿಸದೆ ಔಷಧ ಮುಂದುವರಿಸಲು ಸಾಧ್ಯವಿಲ್ಲ. ದಯವಿಟ್ಟು ನಿಮ್ಮ ಪ್ರಾಣಿಯನ್ನು ಕರೆದುಕೊಂಡು ಬನ್ನಿ."

ಅಕ್ಕ ಅದನ್ನು ಓದಿ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಬನ್ನಿ! ನೋಡಿದೆಯಾ? ನನಗೆ ಬನ್ನಿ ಅಂತೆ! ಇವಳ ಮೂಗು ಒರೆಸಿ ಶಾಲೆಗೆ ಕಳಿಸಿದವಳು ನಾನು. ಇವತ್ತು ನನಗೆ ಮರ್ಯಾದೆ ಕೊಡ್ತಾಳೆ! ದಯವಿಟ್ಟು ಬೇರೆ!"

"ಮರ್ಯಾದೆ ಕೊಟ್ಟರೂ ಬೈತೀಯಲ್ಲೇ."

"ನಿನಗೆ ಗೊತ್ತಾಗಲ್ಲ. ಅವಳು ಬಹುವಚನ ಕೊಟ್ಟಿದ್ದು ನನ್ನನ್ನ ಹೊರಗಿನವಳು ಮಾಡೋಕೆ."

ಬಹುವಚನವಿರಲಿ, ಒಳ್ಳೆಯ ಮಾತೂ ಅಪರೂಪವಾದ ಗಂಡ ಸುಮ್ಮನೆ ತಲೆಯಾಡಿಸಿದ.

ಸೈಟಿನವರಿಗೆ ಸಹಾಯದ ಕಿಟಕಿ ಎಂಬುದೊಂದು ಇತ್ತು. ಅಕ್ಕ ಅದನ್ನು ತೆರೆದು ಕೂತಳು. ಆ ಕಡೆ ಇದ್ದದ್ದು ಮನುಷ್ಯರೋ ಯಂತ್ರವೋ ತಿಳಿಯುವಂತಿರಲಿಲ್ಲ. ಅಷ್ಟೊಂದು ಉತ್ಸಾಹ ಮನುಷ್ಯರಲ್ಲಿ ಇರುವುದು ಅನುಮಾನ.

"ನಮಸ್ಕಾರ! ಇವತ್ತು ಮೇಷ್ಟ್ರು ಹೇಗಿದ್ದಾನೆ?"

"ಹೇಗಿದ್ದಾರೆ," ಎಂದು ತಿದ್ದಿದಳು ಅಕ್ಕ.

"ಕೇಳಿ ಸಂತೋಷವಾಯಿತು! ಮೇಷ್ಟ್ರು ನಿಮ್ಮನ್ನು ತುಂಬ ಪ್ರೀತಿಸುತ್ತಾನೆ!"

"ಪ್ರೀತಿ ಹಾಗಿರಲಿ, ಮಾತ್ರೆ ಮುಗೀತಾ ಬಂದಿದೆ. ನೀವೇ ಕಳಿಸೋಕೆ ಆಗಲ್ವಾ?"

"ನಿಮ್ಮ ಆತಂಕ ಅರ್ಥವಾಗುತ್ತದೆ! ವೈದ್ಯರ ಒಪ್ಪಿಗೆ ಇಲ್ಲದೆ ಕಳಿಸಲಾಗದು. ಕಾಯುವ ಸಮಯದಲ್ಲಿ ಮೇಷ್ಟ್ರುಗೆ ಒಂದು ರಬ್ಬರ್ ಬಾತುಕೋಳಿ ಕೊಡಿಸಬಹುದಲ್ಲವೇ?"

ಅಕ್ಕ ಫೋನನ್ನು ಬಟ್ಟೆಯ ಥಾನಿನ ಕೆಳಗೆ ತುರುಕಿದಳು.

ಗಂಡ ಇನ್ನೊಂದು ಸೈಟು ಹುಡುಕಿದ. ಅಲ್ಲಿ ಚೀಟಿಯೂ ಬೇಡ, ಒಪ್ಪಿಗೆಯೂ ಬೇಡ. ಬಿಳಿ ಕೋಟು ಹಾಕಿದ ಒಬ್ಬಾತ ಮೊಲವೊಂದನ್ನು ಎತ್ತಿಕೊಂಡು ನಗುತ್ತಿದ್ದ. ಅವನ ಕಿವಿಯಲ್ಲಿದ್ದ ಸ್ಟೆತಾಸ್ಕೋಪು ತಿರುಗುಮುರುಗಾಗಿತ್ತು. ಮೊಲಕ್ಕೇ ಅದು ಗೊತ್ತಾದಂತೆ ಕಾಣುತ್ತಿತ್ತು. ಅಕ್ಕ ಅದನ್ನೇ ಒಂದಷ್ಟು ಹೊತ್ತು ನೋಡಿ, "ಗಿರಾಕಿಗೆ ಬಣ್ಣ ಬಿಡೋ ಬಟ್ಟೆ ಕೊಡದವಳು ನಾನು. ಇವನ ಹತ್ತಿರ ಮಾತ್ರೆ ತಗೊಂಡು ಮೇಷ್ಟ್ರ ಬಾಯಿಗೆ ಹಾಕ್ತೀನಾ? ಮುಚ್ಚು ಅದನ್ನ," ಎಂದಳು. ಊರಿನ ಇನ್ನೊಂದು ತುದಿಯಲ್ಲಿದ್ದ ಬೇರೆ ಡಾಕ್ಟರಿಗೂ ಫೋನು ಮಾಡಿದ್ದಾಯಿತು. ನೋಡದೆ ಬರೆಯುವುದಿಲ್ಲ, ಬಿಡುವು ಇರುವುದು ಮುಂದಿನ ತಿಂಗಳು ಎಂದರು. ಎಲ್ಲರೂ ಸೇರಿಕೊಂಡಿದ್ದಾರೆ ಎಂದು ಅಕ್ಕನಿಗೆ ಖಾತ್ರಿಯಾಯಿತು.

ಆ ವಾರ ಅಂಗಡಿಯ ಫೋನು ಆಗಾಗ ಬಡಿದುಕೊಂಡಿತು. ಆಸ್ಪತ್ರೆಯ ನಂಬರು. ಅಕ್ಕ ಎತ್ತಲಿಲ್ಲ. ಅದು ತಾನಾಗಿ ಸುಮ್ಮನಾಗುವ ತನಕ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು.

ಕೊನೆಗೆ ಅವಳೇ ಒಂದು ಉಪಾಯ ಕಂಡುಹಿಡಿದಳು. ಉಳಿದ ಮಾತ್ರೆಗಳನ್ನು ಬಟ್ಟೆಯ ಕತ್ತರಿಯಿಂದ ಅರ್ಧ ಮಾಡಿದಳು. ಅರ್ಧ ಮಾತ್ರೆ ಕೊಟ್ಟರೆ ದುಪ್ಪಟ್ಟು ದಿನ ಬರುತ್ತದೆ, ಅಷ್ಟರಲ್ಲಿ ಯಾರಿಗಾದರೂ ಬುದ್ಧಿ ಬರುತ್ತದೆ. ಆ ಯಾರಾದರೂ ಯಾರು ಎಂದು ಅವಳು ಯೋಚಿಸಲಿಲ್ಲ.

ಮೇಷ್ಟ್ರಿಗೆ ಲೆಕ್ಕ ತಿಳಿಯಿತು. ಕೆಮ್ಮು ಹೆಚ್ಚಾಯಿತು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದರು. ಅಕ್ಕ ಅವರ ಬೆನ್ನು ನೀವುತ್ತ, "ಹವೆ ಸರಿಯಿಲ್ಲ" ಎಂದು ಗಂಡನಿಗೆ ಹೇಳುತ್ತಿದ್ದಳು. ಗಂಡ ಕಿಟಕಿಯಾಚೆಯ ತಿಳಿ ಆಕಾಶ ನೋಡಿ ಹೌದೆನ್ನುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಗಿರಾಕಿ ಹೆಂಗಸು ಬಂದಿದ್ದಳು. ಮಲಗುವ ಕೋಣೆಯ ಪರದೆಗೆ ಕೆನೆ ಬಣ್ಣವೋ ದಂತದ ಬಣ್ಣವೋ ಎಂಬ ಪ್ರಶ್ನೆ ಅವಳನ್ನು ಆ ತಿಂಗಳೆಲ್ಲ ಕಾಡುತ್ತಿತ್ತು. ಎರಡೂ ಒಂದೇ ಥರ ಕಾಣುತ್ತವೆ ಎಂದು ಹೇಳುವ ಧೈರ್ಯ ಅಕ್ಕನಿಗೆ ಇನ್ನೂ ಬಂದಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದಾಗ ಮೇಷ್ಟ್ರು ಕುರ್ಚಿಯಿಂದ ಕೆಳಗಿಳಿದರು.

ಅಕ್ಕ ಬಟ್ಟೆಯನ್ನು ಕೈಬಿಟ್ಟಳು. ಮೇಷ್ಟ್ರು ಎರಡು ಹೆಜ್ಜೆ ನಡೆದು, ಕಾಲು ಜಾರಿದವರಂತೆ ಒಂದು ಬದಿಗೆ ವಾಲಿ ಬಿದ್ದರು. ಬಾಯಿ ತೆರೆದಿತ್ತು. ನಾಲಿಗೆಯ ಬಣ್ಣ ಕೆನೆಯೂ ಅಲ್ಲ, ದಂತವೂ ಅಲ್ಲ, ನೀಲಿಗೆ ತಿರುಗುತ್ತಿತ್ತು.

ಗಂಡನಿಗೆ ಫೋನು ಮಾಡಿದರೆ ಅವನು ಯಾವುದೋ ಕಟ್ಟಡದ ಲಿಫ್ಟಿನ ಹೊಂಡದೊಳಗೆ, ಸಿಗ್ನಲ್ ಇಲ್ಲದ ಕಡೆ. ಅಕ್ಕ ಮತ್ತೆ ಮತ್ತೆ ಅದೇ ನಂಬರು ಒತ್ತಿದಳು. ಗಿರಾಕಿ ಹೆಂಗಸು ದಂತದ ಬಣ್ಣದ ಬಟ್ಟೆಯನ್ನು ಎಳೆದುಕೊಂಡು ನಾಯಿಗೆ ಸುತ್ತಿ, "ನನ್ನ ಕಾರಿದೆ, ಎತ್ತಿ!" ಎಂದಳು. ಎರಡು ಬಿಳಿಗಳ ನಡುವೆ ತೀರ್ಮಾನ ಮಾಡಲಾಗದವಳು ಕೆಂಪು ದೀಪಗಳ ವಿಷಯದಲ್ಲಿ ಚಕಚಕನೆ ತೀರ್ಮಾನ ಮಾಡಿದಳು. ಒಂದಕ್ಕೂ ನಿಲ್ಲಲಿಲ್ಲ. ಎಲ್ಲಿಗೆ ಎಂದು ಅವಳು ಕೇಳಿದಾಗ ಅಕ್ಕನ ಬಾಯಿಂದ ಬಂದದ್ದು ತಂಗಿಯ ಆಸ್ಪತ್ರೆಯ ದಾರಿ.

ಅಲ್ಲಿ ಬೆಂಚಿನ ಮೇಲೆ ಪಂಜರದ ಗಿಳಿಯೊಂದಿಗೆ ಒಬ್ಬ ಮುದುಕರು, ಮೊಲದೊಂದಿಗೆ ಒಬ್ಬಾತ ಕಾಯುತ್ತಿದ್ದರು. ಕೌಂಟರಿನವಳು ತಲೆಯೆತ್ತದೆ, "ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು.

"ಇವರಿಗೆ ಉಸಿರೇ ಇಲ್ಲ!" ಎಂದು ಅಕ್ಕ ಕಿರುಚಿದಳು.

ಒಳಬಾಗಿಲು ತೆರೆದು ತಂಗಿ ಬಂದಳು. ಅಕ್ಕನ ಮುಖ ನೋಡಿದಳು, ಬಟ್ಟೆಯೊಳಗಿನ ಗಂಟು ನೋಡಿದಳು.

"ಒಳಗೆ ತನ್ನಿ. ಮೇಜಿನ ಮೇಲೆ ಮಲಗಿಸಿ. ನೀವು ಹೊರಗೆ ಕೂತ್ಕೊಳ್ಳಿ."

"ನಾನೆಲ್ಲೂ ಹೋಗಲ್ಲ."

ವಾದ ಮಾಡಲು ಹೊತ್ತಿರಲಿಲ್ಲ. ತಂಗಿ ಸೂಜಿ ಚುಚ್ಚಿದಳು, ಆಮ್ಲಜನಕದ ಕೊಳವೆಯನ್ನು ಮೂಗಿನ ಹತ್ತಿರ ತಂದಳು. ಮೇಷ್ಟ್ರು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಅದನ್ನು ಪಂಜದಿಂದ ತಳ್ಳಿದರು.

"ಅಕ್ಕ, ತಲೆ ಹಿಡ್ಕೊಳೇ! ಅಯ್ಯೋ ಅಷ್ಟು ಬಿಗಿಯಾಗಿ ಅಲ್ಲ! ಕತ್ತು ಹಿಸುಕ್ತೀಯಾ? ಹೀಗೆ, ಹೀಗೆ. ಏನಾದ್ರೂ ಒಂದು ನೆಟ್ಟಗೆ ಬರುತ್ತಾ ನಿನಗೆ?"

ಎರಡು ವರ್ಷಗಳ ಮೇಲೆ ತಂಗಿ ಸಲಿಗೆಯಿಂದ ಆಡಿದ ಮೊದಲ ಮಾತು ಅದು. ಅಕ್ಕ ಎಂದೂ ಇಲ್ಲದ ವಿಧೇಯತೆಯಿಂದ ಹೇಳಿದ ಹಾಗೆ ತಲೆ ಹಿಡಿದುಕೊಂಡಳು. ಅವಳ ಕಣ್ಣೀರು ಮೇಷ್ಟ್ರ ಕಿವಿಯ ಮೇಲೆ ಬೀಳುತ್ತಿತ್ತು. ಅವರಿಗೆ ಅದು ಇಷ್ಟವಾಗದೆ ಕಿವಿ ಕೊಡವಿದರು. ಕಿವಿ ಕೊಡವಿದ್ದನ್ನು ನೋಡಿ ತಂಗಿ ಮೊದಲ ಬಾರಿ ಉಸಿರು ಬಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಚುಚ್ಚುಮದ್ದು ತನ್ನ ಕೆಲಸ ಮಾಡಿತು. ಎದೆಯಲ್ಲಿ ತುಂಬಿದ್ದ ನೀರೆಲ್ಲ ಮೂತ್ರವಾಗಿ ದಾರಿ ಹುಡುಕಿಕೊಂಡು ಮೇಜಿನ ಮೇಲೆ, ಮೇಜಿನಿಂದ ನೆಲಕ್ಕೆ, ತಂಗಿಯ ಬಿಳಿ ಕೋಟಿಗೆ, ಅವಳ ಚಪ್ಪಲಿಯೊಳಕ್ಕೆ ಹರಿಯಿತು.

"ಶಾಭಾಷ್," ಎಂದಳು ತಂಗಿ. "ಇನ್ನೂ ಬರ್ಲಿ."

ಮೇಷ್ಟ್ರು ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದರು. ನಾಲಿಗೆ ಗುಲಾಬಿಗೆ ತಿರುಗಿತ್ತು.

ವಿಚಾರಣೆ ಆಮೇಲೆ ಶುರುವಾಯಿತು. ಅಷ್ಟರಲ್ಲಿ ಗಂಡನೂ ಗ್ರೀಸು ಮೆತ್ತಿದ ಕೈಗಳೊಂದಿಗೆ ಏದುಸಿರು ಬಿಡುತ್ತ ಬಂದ. ಗಿರಾಕಿ ಹೆಂಗಸು ಹೊರಗೆ ಗಿಳಿಯ ಮುದುಕರ ಹತ್ತಿರ ಪರದೆಯ ಬಣ್ಣದ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದಳು.

"ಮಾತ್ರೆ ಸರಿಯಾಗಿ ಕೊಡ್ತಿದ್ದೆಯಾ?" ತಂಗಿ ಕೇಳಿದಳು.

"ಅರ್ಧ ಮಾಡಿ ಕೊಡ್ತಿದ್ದೆ."

"ಅರ್ಧ! ಯಾಕೆ?"

"ನೀನು ಕೊಡಲ್ಲ ಅಂದ್ಯಲ್ಲ!"

"ಕೊಡಲ್ಲ ಅಂದಿಲ್ಲ, ನೋಡದೆ ಕೊಡಲ್ಲ ಅಂದೆ. ಇದು ಎದೆಗೆ ಕೊಡೋ ಮಾತ್ರೆ, ಪೆಪ್ಪರಮಿಂಟ್ ಅಲ್ಲ. ಹಳೇ ಡಾಕ್ಟರು ಯಾವ ಕಾಲದಲ್ಲೋ ಬರೆದ ಅಳತೆ. ನೀನು ಬರೋ ತನಕ ಇರಲಿ ಅಂತ ಒಂದಷ್ಟು ಮಾತ್ರೆ ಎತ್ತಿಟ್ಟು ಫೋನ್ ಮೇಲೆ ಫೋನ್ ಮಾಡ್ದೆ. ಎತ್ತಿದ್ಯಾ?"

"ಬನ್ನಿ, ದಯವಿಟ್ಟು ಅಂತ ಬರೆದವಳ ಫೋನ್ ಯಾಕೆ ಎತ್ತಲಿ?"

ತಂಗಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಕಂಪ್ಯೂಟರನ್ನು ಅಕ್ಕನ ಕಡೆಗೆ ತಿರುಗಿಸಿದಳು. ಪರದೆಯ ಮೇಲೆ ಸಾಲಾಗಿ ಗುಂಡಿಗಳಿದ್ದವು. "ನಾನು ಬರೆಯೋದೇ ಇಲ್ಲ ಮಾರಾಯ್ತಿ. ಇದನ್ನ ಒತ್ತಿದ್ರೆ ಆ ವಾಕ್ಯ ಹೋಗುತ್ತೆ. ಹೊರಗೆ ಮೊಲ ಇಟ್ಕೊಂಡು ಕೂತಿದಾನಲ್ಲ, ಅವನಿಗೂ ಅದೇ ಹೋಗಿತ್ತು. ಅವನು ಸುಮ್ಮನೆ ಮೊಲ ತಗೊಂಡು ಬಂದ."

ಒಂದು ಗುಂಡಿಯ ಮೇಲೆ ಇಷ್ಟು ದಿನ ಹಲ್ಲು ಕಡಿದದ್ದು ಅಕ್ಕನಿಗೆ ಜೀರ್ಣವಾಗಲು ಕಷ್ಟವಾಯಿತು. ಆದರೂ ಸೋಲಲಿಲ್ಲ. "ನಾನು ಬಿಸ್ಕತ್ತು ಪೂರ್ತಿ ನಿಲ್ಲಿಸಿದೀನಿ, ಗೊತ್ತಾ?" ಎಂದಳು.

"ಮತ್ತೆ ಮಾತ್ರೆ ಹೇಗೆ ನುಂಗಿಸ್ತೀಯ?"

"ಚೀಸ್ ಒಳಗೆ ಇಟ್ಟು," ಎಂದ ಗಂಡ, ಮಾಡಿದ ಒಂದು ಒಳ್ಳೆಯ ಕೆಲಸವನ್ನಾದರೂ ಹೇಳಿಕೊಳ್ಳೋಣವೆಂದು.

"ಎಷ್ಟು ಚೀಸ್, ಭಾವ?"

"ಮಾತ್ರೆ ಕಾಣಬಾರದು, ಅಷ್ಟು."

"ಅಷ್ಟು ಅಂದ್ರೆ?"

ಅವನು ಬೆರಳು ತೋರಿಸಲು ಹೊರಟವನು ಕೊನೆಗೆ ಮುಷ್ಟಿ ತೋರಿಸಿದ. ದಿನಕ್ಕೆಷ್ಟು ಸಲ ಎಂದು ಕೇಳಿದ್ದಕ್ಕೆ, "ಮಾತ್ರೆ ಇಲ್ಲದ ಹೊತ್ತಲ್ಲೂ ಕೇಳ್ತಾರಲ್ಲ," ಎಂದ.

ತಂಗಿ ಹಣೆಗೆ ಕೈ ಹಚ್ಚಿಕೊಂಡಳು. ಚೀಸಿನಲ್ಲಿ ಉಪ್ಪು. ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ನೀರು ಇಳಿಸುವ ಮಾತ್ರೆಯನ್ನು ನೀರು ಹಿಡಿದಿಡುವ ಮುದ್ದೆಯೊಳಗೆ ಇಟ್ಟು, ಅದೂ ಅರ್ಧ ಮಾಡಿ, ಗಂಡ ಹೆಂಡತಿ ಪ್ರೀತಿಯಿಂದ ತಿನ್ನಿಸಿದ್ದರು. ಅವಳು ಬಾಯಿ ತೆರೆದಳು. ಮುಂದಿನ ಮಾತು ಯಾವುದೆಂದು ಅಕ್ಕನಿಗೆ ಗೊತ್ತಿತ್ತು. ಮೇಜಿನ ಅಂಚು ಹಿಡಿದು, ನೆಲ ನೋಡುತ್ತ ಅದಕ್ಕಾಗಿ ಕಾದಳು.

ಆ ಮಾತು ಬರಲಿಲ್ಲ. ತಂಗಿ ಬಾಯಿ ಮುಚ್ಚಿ, ಒದ್ದೆಯಾದ ಕೋಟನ್ನು ಬಿಚ್ಚಿ ಮೂಲೆಗೆ ಎಸೆದಳು. ಮೇಷ್ಟ್ರ ಹೊಟ್ಟೆ ಒರೆಸುತ್ತ ಹೇಳಿದಳು:

"ನಾಯಿಗೆ ಮಾತ್ರೆ ನುಂಗಿಸೋದೇ ಇಷ್ಟು ಕಷ್ಟ. ಅಮ್ಮನಿಗೆ ನುಂಗಿಸೋದು ಇನ್ನೂ ಕಷ್ಟ ಇತ್ತೇನೋ."

"ಉಗೀತಿದ್ಲು," ಎಂದಳು ಅಕ್ಕ. "ಒಂದೊಂದು ಸಲ ನನ್ನ ಮುಖಕ್ಕೇ. ಸಿಹಿ ಕೊಟ್ಟರೆ ಮಾತ್ರ ಬಾಯಿ ಬಿಡ್ತಿದ್ಲು."

"ನನಗೆ ಹೇಳಬೇಕಿತ್ತು."

"ಯಾವಾಗ ಹೇಳಲಿ? ನೀನು ಬಂದಾಗೆಲ್ಲ ನೀನೇ ಮಾತಾಡ್ತಿದ್ದೆ."

ತಂಗಿ ಒರೆಸುವುದನ್ನು ನಿಲ್ಲಿಸಲಿಲ್ಲ. ಒಣಗಿದ ಮೇಲೂ ಅದೇ ಜಾಗವನ್ನು ಒರೆಸುತ್ತಿದ್ದಳು. "ಆವತ್ತು ನಾನು ಅಂದಿದ್ದು ತಪ್ಪು," ಎಂದಳು, ನಾಯಿಯ ಕಡೆ ನೋಡಿಕೊಂಡೇ. ಮೇಷ್ಟ್ರು ಅದನ್ನು ತಮಗೆ ಹೇಳಿದ್ದೆಂದುಕೊಂಡು ಕಣ್ಣು ಮುಚ್ಚಿದರು. ಗಂಡ ತನ್ನ ಗ್ರೀಸಿನ ಕೈಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ತಂಗಿ ಮೇಷ್ಟ್ರನ್ನು ತಕ್ಕಡಿಗೆ ಏರಿಸಿದಳು. ನಿಜವಾದ ತೂಕ ಗೋಡೆಯ ಮೇಲೆ ಕೆಂಪು ಅಂಕಿಗಳಲ್ಲಿ ಮೂಡಿತು. ತೆರೆದ ಬಾಗಿಲಿನಾಚೆ ಕೂತ ಗಿಳಿಯ ಮುದುಕರಿಗೂ ಕಾಣುವಷ್ಟು ದೊಡ್ಡದಾಗಿ. ಅಕ್ಕ ಅಡ್ಡ ನಿಲ್ಲಲು ನೋಡಿದಳು. ಆಗಲಿಲ್ಲ. ಎದೆ ಕೇಳಿ, ರಕ್ತ ತೆಗೆದು, ಹಳೆಯ ಅಳತೆ ತಿದ್ದಿ, ತಂಗಿ ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದಳು. ಅಕ್ಕನ ಚೀಲದಲ್ಲಿ ಫೋನು ಟಿಂಗ್ ಎಂದಿತು. "ಶುಭ ಸುದ್ದಿ! ನಿಮ್ಮ ವೈದ್ಯರು ಒಪ್ಪಿಗೆ ನೀಡಿದ್ದಾರೆ!"

"ನೀನು ಇಲ್ಲೇ ಕೂತಿದೀಯ," ಎಂದಳು ಅಕ್ಕ. "ಬಾಯಲ್ಲಿ ಹೇಳೋಕೆ ಆಗಲ್ವಾ?"

"ಬಾಯಲ್ಲಿ ಹೇಳಿದ್ರೆ ಮಾತ್ರೆ ಬರಲ್ಲ."

ಮಾತ್ರೆ ಬಂತು. ಚೀಸು ಹೋಯಿತು. ನಾಲಿಗೆಯ ಬುಡದಲ್ಲಿ ಮಾತ್ರೆ ಇಟ್ಟು, ಬಾಯಿ ಮುಚ್ಚಿ ಹಿಡಿದು ಗಂಟಲು ಸವರುವುದನ್ನು ಅಕ್ಕ ಕಲಿತಳು. ಮೇಷ್ಟ್ರು ಅದನ್ನು ಅವಮಾನವೆಂದೇ ಪರಿಗಣಿಸಿದರು. ಹೃದಯ ಮತ್ತೆ ಚಿಕ್ಕದಾಗುವುದಿಲ್ಲ, ಎಷ್ಟು ಕಾಲ ಎಂದು ಹೇಳಲಾಗುವುದಿಲ್ಲ ಎಂದು ತಂಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಅಕ್ಕ ಅಳುತ್ತಲೇ ಕೇಳಿಸಿಕೊಂಡಳು.

ಈಗ ಭಾನುವಾರ ಸಂಜೆ ತಂಗಿ ಬರುತ್ತಾಳೆ. ಅಕ್ಕನನ್ನು ನೋಡಲಿಕ್ಕಲ್ಲ, ಪೇಷೆಂಟನ್ನು ನೋಡಲಿಕ್ಕೆ ಎಂದು ಬಾಗಿಲಲ್ಲೇ ಹೇಳಿಬಿಡುತ್ತಾಳೆ. ಪೇಷೆಂಟಿಗೆ ನಿಧಾನ ನಡಿಗೆ ಒಳ್ಳೆಯದೆಂದು ಅವಳ ಸಲಹೆ. ಆದ್ದರಿಂದ ಇಬ್ಬರೂ ಮೇಷ್ಟ್ರನ್ನು ನಡುವೆ ಬಿಟ್ಟುಕೊಂಡು ಬೀದಿ ಸುತ್ತುತ್ತಾರೆ. ಹಗ್ಗ ಯಾರು ಹಿಡಿಯಬೇಕು, ಯಾವ ಬದಿಯಲ್ಲಿ ನೆರಳಿದೆ, ಅಮ್ಮನಿಗೆ ಯಾರ ಮೇಲೆ ಹೆಚ್ಚು ಕೋಪ ಬರುತ್ತಿತ್ತು ಎಂದು ಜಗಳ ನಡೆಯುತ್ತಿರುತ್ತದೆ. ಗಂಡ ಸ್ವಲ್ಪ ಹಿಂದೆ, ಕೇಳಿಸಿಯೂ ಕೇಳಿಸದಷ್ಟು ದೂರದಲ್ಲಿ ಬರುತ್ತಾನೆ.

ಕಳೆದ ವಾರ ರಸ್ತೆ ದಾಟುವಾಗ ಮೇಷ್ಟ್ರಿಗೆ ಸಾಕೆನ್ನಿಸಿತು. ನಟ್ಟನಡುವೆ ಕೂತುಬಿಟ್ಟರು. ಹಿಂದೆ ಒಂದು ವ್ಯಾನು ನಿಂತಿತು. ಡ್ರೈವರು ಹಾರನ್ನು ಒತ್ತಿ, ತಲೆ ಹೊರಗೆ ಹಾಕಿ, "ಯಾರದ್ರೀ ಈ ನಾಯಿ? ಎಬ್ಬಿಸ್ರೀ!" ಎಂದ.

"ಹೃದಯದ ಪೇಷೆಂಟು, ಹಾರನ್ ಹೊಡೀಬೇಡಿ!" ಎಂದಳು ತಂಗಿ.

"ಎದ್ದಾಗ ಏಳ್ತಾರೆ, ಅಷ್ಟು ಅವಸರ ಇದ್ರೆ ಆ ಕಡೆ ರಸ್ತೆ ಇದೆ!" ಎಂದಳು ಅಕ್ಕ.

ಡ್ರೈವರು ಇಬ್ಬರನ್ನೂ ನೋಡಿದ, ಮೇಷ್ಟ್ರನ್ನೂ ನೋಡಿದ. ಎಂಜಿನ್ ಆಫ್ ಮಾಡಿ, ಕೈಕಟ್ಟಿ ಕೂತ.